ಜೈಲಿನಿಂದ ಬಂದ ಮೇಲೆ ತರಬೇತಿ ಮತ್ತು ಕೆಲಸ: ಶಿವಮೊಗ್ಗ ಜಿಲ್ಲೆಯವರಿಗೆ ಹಂತ ಹಂತದ ಮಾರ್ಗದರ್ಶಿ

ಶಿಕ್ಷೆ ಮುಗಿಸಿ ಅಥವಾ ಜಾಮೀನಿನ ಮೇಲೆ ಹೊರಬಂದವರೂ ಅವರ ಮನೆಯವರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಸರ್ಕಾರದ ತರಬೇತಿಗೆ ಸೇರಿಸಿಕೊಳ್ಳುತ್ತಾರೆಯೇ? ಅರ್ಜಿಯಲ್ಲಿ ಕೇಸಿನ ವಿಷಯ ಬರೆಯಲೇಬೇಕೇ? ಬ್ಯಾಂಕಿನಲ್ಲಿ ಸಾಲ ಸಿಗುತ್ತದೆಯೇ? ಇಷ್ಟು ವರ್ಷ ಕಳೆದ ಮೇಲೆ ಹೆಸರು ತಾನಾಗಿ ಅಳಿಸಿಹೋಗುತ್ತದೆಯೇ? ಇವಕ್ಕೆಲ್ಲ ಒಂದೇ ಕಡೆ ಉತ್ತರ ಸಿಗಲಿ ಎಂದು ಈ ಲೇಖನವನ್ನು ಬರೆಯುತ್ತಿದ್ದೇನೆ. ಉದಾಹರಣೆಗಳು ಶಿವಮೊಗ್ಗ ಜಿಲ್ಲೆಯವು. ಕಾನೂನಿನ ಮಾತು ಎಲ್ಲ ಜಿಲ್ಲೆಗಳಿಗೂ ಅನ್ವಯಿಸುತ್ತದೆ.

ಮೊದಲೇ ಹೇಳಿಬಿಡುವುದು ಒಳ್ಳೆಯದು: ಅಲ್ಪಾವಧಿಯ ತರಬೇತಿಗಳಲ್ಲಿ ಬಹುಪಾಲು ನಿಮಗೆ ತೆರೆದಿವೆ, ಕಾನೂನೇ ಬಾಗಿಲು ಹಾಕಿರುವ ಕೆಲಸಗಳು ಜನ ಅಂದುಕೊಂಡದ್ದಕ್ಕಿಂತ ಕಡಿಮೆ. ಆದರೆ ತಮ್ಮ ಮೇಲೆ ನಿಖರವಾಗಿ ಏನು ದಾಖಲಾಗಿದೆ ಎಂಬುದೇ ಗೊತ್ತಿಲ್ಲದೆ ಅರ್ಜಿ ಹಾಕಲು ಹೋಗುವವರು, ಇಲ್ಲದ ಅನರ್ಹತೆಯನ್ನು ತಾವಾಗಿಯೇ ಒಪ್ಪಿಕೊಳ್ಳುತ್ತಾರೆ ಅಥವಾ ಇರುವುದನ್ನು ತಿಳಿಯದೆ ಮುಚ್ಚಿಟ್ಟು ಮುಂದೆ ಸಿಕ್ಕಿಬೀಳುತ್ತಾರೆ. ಆದ್ದರಿಂದ ಮೊದಲನೆಯ ಹಂತವೇ ಇಲ್ಲಿ ಹೆಚ್ಚು ಉದ್ದವಾಗಿದೆ. ಅದನ್ನು ಬಿಟ್ಟು ತರಬೇತಿಯ ಭಾಗಕ್ಕೆ ನೆಗೆಯಬೇಡಿ.

ಹಂತ 1: ನಿಮ್ಮ ಪ್ರಕರಣ ಹೇಗೆ ಮುಗಿದಿದೆ ಎಂಬುದನ್ನು ಕಾಗದದಲ್ಲಿ ನೋಡಿಕೊಳ್ಳಿ

“ನನ್ನ ಮೇಲೊಂದು ಕೇಸಿತ್ತು, ಮುಗಿಯಿತು” ಎಂಬಷ್ಟು ಮಾತು ಕೆಲಸ ಕೊಡುವವರಿಗೂ ಸಾಲದು, ನಿಮಗೂ ಸಾಲದು. ಹೇಗೆ ಮುಗಿಯಿತು ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಪೊಲೀಸರು ತನಿಖೆ ಮಾಡಿ, ಸಾಕ್ಷ್ಯವಿಲ್ಲವೆಂದು ನ್ಯಾಯಾಲಯಕ್ಕೆ ಬಿ ರಿಪೋರ್ಟ್ (ಪ್ರಕರಣ ಮುಕ್ತಾಯದ ವರದಿ) ಸಲ್ಲಿಸಿ, ಅದು ಅಂಗೀಕಾರವಾಗಿದ್ದರೆ ನಿಮ್ಮ ಮೇಲೆ ವಿಚಾರಣೆಯೇ ನಡೆದಿಲ್ಲ. ವಿಚಾರಣೆ ನಡೆದು ನೀವು ಖುಲಾಸೆಯಾಗಿದ್ದರೆ, ಎಷ್ಟು ತಿಂಗಳು ಜೈಲಿನಲ್ಲಿ ಕಳೆದಿದ್ದರೂ ನೀವು ಶಿಕ್ಷೆಗೊಳಗಾದವರಲ್ಲ. ವಿಚಾರಣಾಧೀನ ಬಂದಿಯಾಗಿ, ಎಂದರೆ ತೀರ್ಪು ಬರುವ ಮುನ್ನ ಬಂಧನದಲ್ಲಿದ್ದು, ಆಮೇಲೆ ಖುಲಾಸೆಯಾದವರು ಕೂಡ ಅರ್ಜಿಗಳಲ್ಲಿ “ಶಿಕ್ಷೆಯಾಗಿದೆ” ಎಂದು ಬರೆದುಕೊಂಡ ಉದಾಹರಣೆಗಳುಂಟು. ಇದು ವಿನಯವಲ್ಲ, ತಪ್ಪು ಮಾಹಿತಿ.

ಲೋಕ ಅದಾಲತ್ತಿನಲ್ಲಿ ಮುಗಿದ ಪ್ರಕರಣಗಳ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ರಾಜಿಗೆ ಅವಕಾಶವಿರುವ ಅಪರಾಧದಲ್ಲಿ ದೂರುದಾರರೊಂದಿಗೆ ರಾಜಿಯಾಗಿ ನ್ಯಾಯಾಲಯ ಅದನ್ನು ದಾಖಲಿಸಿಕೊಂಡಿದ್ದರೆ, ಕಾನೂನಿನ ದೃಷ್ಟಿಯಲ್ಲಿ ಅದು ಖುಲಾಸೆಗೆ ಸಮ. ಆದರೆ ತಪ್ಪೊಪ್ಪಿಕೊಂಡು ಐನೂರೋ ಸಾವಿರವೋ ದಂಡ ಕಟ್ಟಿ ಬಂದಿದ್ದರೆ, ಒಂದು ದಿನವೂ ಜೈಲಿನಲ್ಲಿರದಿದ್ದರೂ ಅದು ಶಿಕ್ಷೆಯೇ. ಇಸ್ಪೀಟು, ಓಸಿ, ಬೀದಿ ಜಗಳ, ಮರಳು ಸಾಗಣೆಯಂಥ ಪ್ರಕರಣಗಳಲ್ಲಿ “ದಂಡ ಕಟ್ಟಿ ಕೈತೊಳೆದುಕೊಂಡೆ” ಎಂದು ನಂಬಿರುವವರು ನಮ್ಮ ಕಡೆ ಬಹಳ ಮಂದಿ. ಅವರು ಅರ್ಜಿಯಲ್ಲಿ “ಯಾವ ಶಿಕ್ಷೆಯೂ ಇಲ್ಲ” ಎಂದು ಬರೆದರೆ ಅದು ಸುಳ್ಳು ಹೇಳಿಕೆಯಾಗುತ್ತದೆ. ಇನ್ನೂ ಬಾಕಿ ಇರುವ ಸಣ್ಣ ಪ್ರಕರಣವಿದ್ದರೆ, ತಪ್ಪೊಪ್ಪಿಕೊಳ್ಳುವ ಮುನ್ನ ರಾಜಿಗೆ ಅವಕಾಶವಿದೆಯೇ ಎಂದು ವಕೀಲರನ್ನು ಕೇಳಿಕೊಳ್ಳಿ. ಬೇಗ ಮುಗಿಯಲಿ ಎಂಬ ಆತುರಕ್ಕೆ ಹತ್ತು ವರ್ಷದ ಮೇಲೆ ಬೆಲೆ ತೆರಬೇಕಾಗಬಹುದು.

ನ್ಯಾಯಾಲಯ ನಿಮ್ಮನ್ನು ತಪ್ಪಿತಸ್ಥರೆಂದು ತೀರ್ಮಾನಿಸಿಯೂ ಜೈಲಿಗೆ ಕಳುಹಿಸದೆ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಅಥವಾ ಎಚ್ಚರಿಕೆ ಕೊಟ್ಟು ಬಿಟ್ಟಿರಬಹುದು. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ ಹೀಗೆ ಬಿಡುಗಡೆಯಾದವರಿಗೆ, ಅದೇ ಕಾಯ್ದೆಯ 12ನೇ ಕಲಮಿನ ಪ್ರಕಾರ, ಶಿಕ್ಷೆಯ ಜೊತೆಗೆ ಬರುವ ಅನರ್ಹತೆಗಳು ಅಂಟುವುದಿಲ್ಲ. ತಪ್ಪಿತಸ್ಥರೆಂಬ ತೀರ್ಮಾನ ಮಾತ್ರ ಕಡತದಲ್ಲಿ ಉಳಿಯುತ್ತದೆ. ತೀರ್ಪಿನಲ್ಲಿ ಈ ಕಾಯ್ದೆಯ ಹೆಸರಿದೆಯೇ ಎಂದು ಹುಡುಕಿ ಗೆರೆ ಎಳೆದಿಟ್ಟುಕೊಳ್ಳಿ.

ಘಟನೆ ನಡೆದಾಗ ನಿಮಗೆ 18 ತುಂಬಿರಲಿಲ್ಲವಾದರೆ ಸಂಗತಿ ಬೇರೆಯೇ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ಬಾಲನ್ಯಾಯ ಮಂಡಳಿಯ ಮುಂದೆ ಮುಗಿದ ಪ್ರಕರಣದಿಂದ ಮುಂದೆ ಯಾವ ಅನರ್ಹತೆಯೂ ಉಂಟಾಗಕೂಡದು, ಮೇಲ್ಮನವಿಯ ಅವಧಿ ಕಳೆದ ಮೇಲೆ ದಾಖಲೆಗಳನ್ನು ನಾಶಪಡಿಸಬೇಕು, ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಆ ಮಾಹಿತಿಯನ್ನು ಬಹಿರಂಗಪಡಿಸಕೂಡದು. ಇದಕ್ಕೆ ಅಪವಾದ, 16 ದಾಟಿದವರನ್ನು ಘೋರ ಅಪರಾಧಕ್ಕಾಗಿ ಮಕ್ಕಳ ನ್ಯಾಯಾಲಯ ವಯಸ್ಕರಂತೆ ವಿಚಾರಣೆಗೊಳಪಡಿಸಿ ತಪ್ಪಿತಸ್ಥರೆಂದು ತೀರ್ಮಾನಿಸಿದ ಪ್ರಕರಣಗಳು.

ಉಳಿದವರದು ಶಿಕ್ಷೆಯಾದ ಪ್ರಕರಣ ಅಥವಾ ಇನ್ನೂ ನಡೆಯುತ್ತಿರುವ ಪ್ರಕರಣ. ವಯಸ್ಕರಿಗೆ ಆದ ಶಿಕ್ಷೆಯ ದಾಖಲೆ ಇಂತಿಷ್ಟು ವರ್ಷಕ್ಕೆ ತಾನಾಗಿ ಅಳಿಸಿಹೋಗುತ್ತದೆ ಎಂಬ ಸಾಮಾನ್ಯ ಕಾನೂನು ನಮ್ಮ ದೇಶದಲ್ಲಿ ಇಲ್ಲ. ಆದ್ದರಿಂದ “ಠಾಣೆಯಲ್ಲಿ ಹೆಸರು ತೆಗೆಸಿಕೊಡುತ್ತೇನೆ” ಎಂದು ಹಣ ಕೇಳುವವರಿಂದ ದೂರವಿರಿ.

ಈಗ ಸಂಗ್ರಹಿಸಬೇಕಾದ ಕಾಗದಗಳು. ತೀರ್ಪಿನ ಅಥವಾ ಆದೇಶದ ದೃಢೀಕೃತ ನಕಲನ್ನು, ಎಂದರೆ ನ್ಯಾಯಾಲಯದ ಮೊಹರಿರುವ ಪ್ರತಿಯನ್ನು, ಪ್ರಕರಣ ನಡೆದ ನ್ಯಾಯಾಲಯದ ನಕಲು ಶಾಖೆಯಲ್ಲಿ ಅರ್ಜಿ ಹಾಕಿ ಪಡೆಯಬಹುದು. ಸೆರೆವಾಸದ ಶಿಕ್ಷೆಯಾದವರಿಗೆ ತೀರ್ಪಿನ ಪ್ರತಿಯನ್ನು ಉಚಿತವಾಗಿ ಕೊಡಬೇಕೆಂಬ ನಿಯಮವಿದೆ. ಅದು ಕಳೆದುಹೋಗಿದ್ದರೆ ಮತ್ತೆ ಅರ್ಜಿ ಹಾಕಿ. ಕಾರಾಗೃಹದಿಂದ ಬಿಡುಗಡೆ ಪತ್ರ, ಒಳಗೆ ಕಲಿತ ಕೆಲಸದ ಪ್ರಮಾಣಪತ್ರ, ದಂಡ ಕಟ್ಟಿದ ರಸೀದಿ ಇವು ಜೊತೆಗಿರಲಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ನಿಮ್ಮದೇ ಹೆಸರು ಹಾಕಿ ಹುಡುಕಿ ನೋಡುವುದನ್ನೂ ಮರೆಯಬೇಡಿ. ಅರಣ್ಯ ಒತ್ತುವರಿ, ಮರ ಕಡಿತಲೆ, ಅಬಕಾರಿ ಎಂದು ಎಂದೋ ದಾಖಲಾದ, ನೀವೇ ಮರೆತ ಪ್ರಕರಣವೊಂದು ಸಾಗರದಲ್ಲೋ ಹೊಸನಗರದಲ್ಲೋ ವಾರಂಟಿನ ಹಂತದಲ್ಲಿ ನಿಂತಿರಬಹುದು. ಹೊಸ ಕೆಲಸಕ್ಕೆ ಸೇರಿದ ತಿಂಗಳಲ್ಲಿ ಅದು ಎದುರಾಗುವುದಕ್ಕಿಂತ ಈಗಲೇ ಗೊತ್ತಾಗುವುದು ಮೇಲು.

ಒಂದು ಸಣ್ಣ ವಿಷಯ ದೊಡ್ಡ ತೊಂದರೆ ಮಾಡುತ್ತದೆ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದ್ದು, ಕಲಮುಗಳ ಸಂಖ್ಯೆ ಬದಲಾಗಿವೆ. ಹಳೆಯ 379 ಕಳ್ಳತನ ಈಗ 303; ಹಳೆಯ 302 ಕೊಲೆ ಈಗ 103. ಹೊಸ ಸಂಹಿತೆಯ 302 ಎಂಬುದು ಧಾರ್ಮಿಕ ಭಾವನೆಗೆ ನೋವುಂಟುಮಾಡುವ ಮಾತಿಗೆ ಸಂಬಂಧಿಸಿದ್ದು. ಬರಿಯ ಸಂಖ್ಯೆ ಬರೆದರೆ ಓದುವವರು ಏನೆಂದು ತಿಳಿದುಕೊಳ್ಳುತ್ತಾರೋ ಹೇಳಲಾಗದು. ಸಂಹಿತೆಯ ಹೆಸರು, ಕಲಮು, ಪ್ರಕರಣದ ಸಂಖ್ಯೆ, ನ್ಯಾಯಾಲಯ, ಫಲಿತಾಂಶ, ದಿನಾಂಕ ಈ ಆರನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು, ಪ್ರತಿ ಅರ್ಜಿಯಲ್ಲೂ ಅದನ್ನೇ ನೋಡಿ ಬರೆಯಿರಿ.

ಕಾಗದ ಓದಿ ಅರ್ಥವಾಗದಿದ್ದರೆ ಶಿವಮೊಗ್ಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅಥವಾ ನಿಮ್ಮ ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ. ಬಂಧನದಲ್ಲಿರುವವರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ನಿಗದಿತ ಮಿತಿಗಿಂತ ಕಡಿಮೆ ಆದಾಯದವರು ಮುಂತಾದವರಿಗೆ ಅಲ್ಲಿ ವಕೀಲರ ನೆರವು ಉಚಿತ. ಸಹಾಯವಾಣಿ ಸಂಖ್ಯೆ 15100.

ಹಂತ 2: ಗುರುತಿನ ಚೀಟಿ ಮತ್ತು ಬ್ಯಾಂಕ್ ಖಾತೆ ಸರಿಪಡಿಸಿಕೊಳ್ಳಿ

ತರಬೇತಿಯ ಭತ್ಯೆಯಾಗಲಿ ಕೂಲಿಯಾಗಲಿ ಈಗ ಹೆಚ್ಚಾಗಿ ಬ್ಯಾಂಕ್ ಖಾತೆಗೇ ಬರುತ್ತದೆ. ಎರಡು ವರ್ಷ ವಹಿವಾಟು ನಡೆಸದ ಖಾತೆಯನ್ನು ಬ್ಯಾಂಕು ನಿಷ್ಕ್ರಿಯ ಎಂದು ಗುರುತಿಸುತ್ತದೆ. ಹಣ ಎಲ್ಲಿಗೂ ಹೋಗುವುದಿಲ್ಲ, ಗುರುತಿನ ದಾಖಲೆ ಕೊಟ್ಟು ಮತ್ತೆ ಚಾಲನೆಗೆ ತರಿಸಬೇಕು. ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ನೀವು ಒಳಗಿದ್ದಾಗ ಬಂದ್ ಆಗಿ ಬೇರೆಯವರ ಪಾಲಾಗಿರುವ ಸಾಧ್ಯತೆಯಿರುವುದರಿಂದ ಮೊದಲು ಅದನ್ನು ಬದಲಿಸಿ. ಪಡಿತರ ಚೀಟಿಯಲ್ಲಿ ನಿಮ್ಮ ಹೆಸರು ಉಳಿದಿದೆಯೇ ಎಂದು ಖಚಿತಪಡಿಸಿಕೊಳ್ಳಿ, ಏಕೆಂದರೆ ಬಿಪಿಎಲ್ ಚೀಟಿ ಇದ್ದವರಿಗೆ ಹಲವು ತರಬೇತಿಗಳಲ್ಲಿ ಆದ್ಯತೆಯಿದೆ.

ಖಾತೆ ಚಾಲನೆಗೆ ಬಂದ ದಿನವೇ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಅರ್ಜಿಯನ್ನೂ ತುಂಬಿಬಿಡಿ. ವರ್ಷಕ್ಕೆ 20 ರೂಪಾಯಿ ಕಂತಿನ ಈ ಅಪಘಾತ ವಿಮೆಯಲ್ಲಿ ಸಾವು ಸಂಭವಿಸಿದರೆ 2 ಲಕ್ಷ ರೂಪಾಯಿ ಪರಿಹಾರವಿದೆ. ಅಡಿಕೆ ಮರ ಹತ್ತುವವರೂ ಗಾರೆ ಕೆಲಸಕ್ಕೆ ಹೋಗುವವರೂ ಇದನ್ನು ಬಿಡಬಾರದು.

ಹಂತ 3: ಯಾವ ಕೆಲಸಕ್ಕೆ ಅಡ್ಡಿಯಿದೆ, ಯಾವುದಕ್ಕಿಲ್ಲ ಎಂದು ತರಬೇತಿಗೆ ಮುಂಚೆಯೇ ತಿಳಿಯಿರಿ

ಮೂರು ತಿಂಗಳು ಕಲಿತ ಮೇಲೆ ಆ ಕೆಲಸ ನಿಮಗೆ ಕೊಡುವಂತಿಲ್ಲ ಎಂದು ಗೊತ್ತಾದರೆ ಕಲಿತದ್ದು ವ್ಯರ್ಥ. ಇದಕ್ಕೆ ಚೆನ್ನಾದ ಉದಾಹರಣೆ ಸೆಕ್ಯೂರಿಟಿ ಗಾರ್ಡ್ ಕೆಲಸ. ಹೊರಬಂದವರಿಗೆ ನೆಂಟರು ಮೊದಲು ಸೂಚಿಸುವುದೇ ಇದನ್ನು. ಆದರೆ 2005ರ ಖಾಸಗಿ ಭದ್ರತಾ ಸಂಸ್ಥೆಗಳ ನಿಯಂತ್ರಣ ಕಾಯ್ದೆಯ 10ನೇ ಕಲಮು, ನ್ಯಾಯಾಲಯದಿಂದ ಶಿಕ್ಷೆಗೊಳಗಾದವರನ್ನು ಗಾರ್ಡ್ ಅಥವಾ ಮೇಲ್ವಿಚಾರಕರನ್ನಾಗಿ ನೇಮಿಸಿಕೊಳ್ಳಬಾರದೆಂದು ಹೇಳುತ್ತದೆ. ಖುಲಾಸೆಯಾದವರಿಗೆ ಈ ನಿಷೇಧ ಇಲ್ಲ. ಅವರ ಪೂರ್ವಾಪರ ಪರಿಶೀಲನೆ ಮಾತ್ರ ನಡೆಯುತ್ತದೆ.

ಗಲ್ಫ್ ದೇಶಗಳ ಕೆಲಸಕ್ಕೆ ಮನಸ್ಸು ಮಾಡಿರುವವರು ಪಾಸ್‌ಪೋರ್ಟಿನ ನಿಯಮ ತಿಳಿದಿರಬೇಕು. ನೈತಿಕ ಅಧಃಪತನದ ಅಪರಾಧಕ್ಕೆ, ಎಂದರೆ ವಂಚನೆ, ಕಳ್ಳತನದಂತೆ ನಡತೆಗೇ ಕಳಂಕ ತರುವಂಥದ್ದಕ್ಕೆ, ಕಡಿಮೆಯೆಂದರೂ ಎರಡು ವರ್ಷದ ಸೆರೆವಾಸ ವಿಧಿಸಲಾಗಿದ್ದರೆ, ಶಿಕ್ಷೆಯಾದ ಐದು ವರ್ಷದೊಳಗೆ ಸಲ್ಲಿಸಿದ ಅರ್ಜಿಯನ್ನು 1967ರ ಪಾಸ್‌ಪೋರ್ಟ್ ಕಾಯ್ದೆಯಡಿ ನಿರಾಕರಿಸಬಹುದು. ಪ್ರಕರಣ ಇನ್ನೂ ನಡೆಯುತ್ತಿದ್ದರೆ ಆ ನ್ಯಾಯಾಲಯದ ಅನುಮತಿ ಬೇಕು. ಪಾಸ್‌ಪೋರ್ಟ್ ಕೈಗೆ ಬರುವ ಮುನ್ನ ಏಜೆಂಟರಿಗೆ ಮುಂಗಡ ಕೊಡುವುದು ಸರ್ವಥಾ ಬೇಡ.

ಸರ್ಕಾರಿ ಹುದ್ದೆ, ಶಾಲೆ, ಶಾಲಾ ವಾಹನ, ಬ್ಯಾಂಕು, ನಗದು ಸಾಗಿಸುವ ಕೆಲಸ, ಆ್ಯಪ್ ಮೂಲಕ ಓಡುವ ಟ್ಯಾಕ್ಸಿ ಇವುಗಳಲ್ಲಿ ಪೊಲೀಸ್ ಪರಿಶೀಲನೆ ಎದುರಾಗುತ್ತದೆ ಎಂದೇ ಲೆಕ್ಕ ಹಾಕಿಕೊಳ್ಳಿ. ಅಲ್ಲಿ ಫಲಿತಾಂಶ ಪ್ರಕರಣದ ಸ್ವರೂಪದ ಮೇಲೆ ನಿಂತಿರುತ್ತದೆ.

ನಮ್ಮ ಜಿಲ್ಲೆಯಲ್ಲಿ ಕೈಕೆಲಸ ಬಲ್ಲವರಿಗೆ ಕೆಲಸದ ಕೊರತೆಯಿಲ್ಲ ಎಂಬುದು ನನ್ನ ಅಭಿಪ್ರಾಯ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನ ಗ್ಯಾರೇಜುಗಳು, ಫೌಂಡ್ರಿಗಳು, ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳು, ಊರೂರಿನ ವೆಲ್ಡಿಂಗ್ ಅಂಗಡಿ, ವೈರಿಂಗ್, ಪ್ಲಂಬಿಂಗ್, ಗಾರೆ ಕೆಲಸ ಇವೆಲ್ಲದರಲ್ಲೂ ನುರಿತವರು ಬೇಕಾಗಿದ್ದಾರೆ. ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಕಡೆ ಅಡಿಕೆ ತೋಟದ ಕೆಲಸಕ್ಕಂತೂ ಜನ ಸಿಗುವುದೇ ಕಷ್ಟ. ಮಳೆಗಾಲದಲ್ಲಿ ಬೋರ್ಡೋ ಮದ್ದು ಹೊಡೆಯುವುದು, ಕೊಯ್ಲಿನ ಕಾಲದಲ್ಲಿ ಕೊನೆ ಇಳಿಸುವುದು, ಸುಲಿಯುವ ಯಂತ್ರ ನಡೆಸುವುದು, ಕಾರ್ಬನ್ ದೋಟಿಯಲ್ಲಿ ನೆಲದಿಂದಲೇ ಕೊಯ್ಯುವುದು ಇವು ಬಲ್ಲವರನ್ನು ಯಾವ ಪ್ರಮಾಣಪತ್ರವನ್ನೂ ಕೇಳದೆ ಕರೆಯುತ್ತಾರೆ. ಆದರೆ ಇದು ಹಂಗಾಮಿನ ದುಡಿಮೆ. ಹಂಗಾಮಿನಲ್ಲಿ ತೋಟ, ಉಳಿದ ತಿಂಗಳಲ್ಲಿ ಇನ್ನೊಂದು ಕಸುಬು ಎಂದು ಎರಡನ್ನು ಜೋಡಿಸಿಕೊಂಡವರ ಸಂಸಾರ ನಿಲ್ಲುತ್ತದೆ.

ಹಂತ 4: ತರಬೇತಿಗೆ ಸೇರಿಕೊಳ್ಳಿ

ಹೊಸದಾಗಿ ಕಲಿಯುವವರಿಗೆ ನಾನು ಮೊದಲು ಸೂಚಿಸುವುದು ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಯನ್ನು. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಮಾದರಿಯನ್ನೇ ದೇಶದ ಜಿಲ್ಲೆಗಳಿಗೆಲ್ಲ ವಿಸ್ತರಿಸಿದಾಗ ಹುಟ್ಟಿದ ಸಂಸ್ಥೆಗಳಿವು, ಬ್ಯಾಂಕುಗಳು ನಡೆಸುತ್ತವೆ. ಶಿವಮೊಗ್ಗ ಜಿಲ್ಲೆಯದನ್ನು ಕೆನರಾ ಬ್ಯಾಂಕು ಹೊಳಲೂರಿನಲ್ಲಿ ನಡೆಸುತ್ತಿದೆ. ತರಬೇತಿ, ಊಟ, ವಸತಿ ಎಲ್ಲವೂ ಉಚಿತ. ಹೊಲಿಗೆ, ಮೊಬೈಲ್ ಮತ್ತು ಬೈಕ್ ರಿಪೇರಿ, ಮನೆ ವೈರಿಂಗ್, ಹೈನುಗಾರಿಕೆ, ಜೇನು ಸಾಕಣೆ ಮುಂತಾದ ತರಬೇತಿಗಳು ಕೆಲವು ವಾರಗಳಲ್ಲಿ ಮುಗಿಯುತ್ತವೆ. ಮುಗಿದ ಮೇಲೂ ಎರಡು ವರ್ಷ ನಿಮ್ಮನ್ನು ವಿಚಾರಿಸಿಕೊಂಡು ಸಾಲಕ್ಕೆ ದಾರಿ ತೋರಿಸುವುದು ಅವರ ಕ್ರಮದ ಭಾಗವೇ ಆಗಿದೆ. ಸೇರಿಸಿಕೊಳ್ಳುವಾಗ ಮುಖ್ಯವಾಗಿ ನೋಡುವುದು ವಯಸ್ಸು, ವಿಳಾಸ ಮತ್ತು ಪಡಿತರ ಚೀಟಿಯನ್ನು. ಯಾವ ತಂಡ ಯಾವಾಗ ಆರಂಭವಾಗುತ್ತದೆ, ವಯಸ್ಸಿನ ಮಿತಿ ಎಷ್ಟು ಎಂಬುದನ್ನು ಮೊದಲೇ ವಿಚಾರಿಸಿ ಹೋಗಿ.

ಜಾಮೀನಿನ ಮೇಲಿರುವವರು ಇಲ್ಲೊಂದು ಎಚ್ಚರಿಕೆ ವಹಿಸಬೇಕು. ಜಾಮೀನಿನ ಆದೇಶದಲ್ಲಿ ವಾರಕ್ಕೊಮ್ಮೆ ಠಾಣೆಗೆ ಬಂದು ಸಹಿ ಹಾಕಬೇಕು, ಜಿಲ್ಲೆ ಬಿಟ್ಟು ಹೋಗಕೂಡದು ಎಂಬಂಥ ಷರತ್ತುಗಳಿರುತ್ತವೆ. ವಸತಿ ಸಹಿತ ತರಬೇತಿಗೋ ಬೆಂಗಳೂರಿನ ಕೆಲಸಕ್ಕೋ ಹೋಗಿ ಷರತ್ತು ಮುರಿದರೆ ಜಾಮೀನೇ ರದ್ದಾಗಬಹುದು. ಪ್ರವೇಶ ಪತ್ರವನ್ನು ಲಗತ್ತಿಸಿ ಷರತ್ತು ಸಡಿಲಿಸುವಂತೆ ವಕೀಲರ ಮೂಲಕ ನ್ಯಾಯಾಲಯಕ್ಕೆ ಅರ್ಜಿ ಹಾಕಿ, ಆದೇಶ ಬಂದ ಮೇಲೆಯೇ ಹೊರಡಿ. ಠಾಣೆಯವರು ಬಾಯಿಮಾತಿನಲ್ಲಿ ಒಪ್ಪಿಗೆ ಕೊಟ್ಟರೆ ಸಾಲದು.

ದೀರ್ಘಾವಧಿಯ ವಿದ್ಯೆ ಬೇಕೆನ್ನುವವರಿಗೆ ಐಟಿಐ ಇದೆ. ಒಂದು ಅಥವಾ ಎರಡು ವರ್ಷದ ಓದು. ಫಿಟ್ಟರ್, ಎಲೆಕ್ಟ್ರಿಷಿಯನ್, ವೆಲ್ಡರ್ ಪ್ರಮಾಣಪತ್ರಕ್ಕೆ ಕಾರ್ಖಾನೆಗಳಲ್ಲಿ ಬೆಲೆಯಿದೆ. ಮನೆ ನಡೆಸುವ ಹೊಣೆ ಇರುವವರಿಗೆ ಅಷ್ಟು ಕಾಲ ದುಡಿಮೆಯಿಲ್ಲದೆ ಕೂರುವುದು ಸಾಧ್ಯವೇ ಎಂದು ಮೊದಲು ಯೋಚಿಸಬೇಕು. ಕೃಷಿಯತ್ತ ಒಲವಿದ್ದರೆ ನವುಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ತರಬೇತಿಗಳನ್ನು ವಿಚಾರಿಸಿ. ಉಳಿದ ಸರ್ಕಾರಿ ತರಬೇತಿಗಳ ವಿವರ ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಯಲ್ಲಿ ಸಿಗುತ್ತದೆ. ಕೌಶಲ್ಯಕರ್ ಜಾಲತಾಣದಲ್ಲಿ ಹೆಸರು ನೋಂದಾಯಿಸಿಕೊಳ್ಳಬಹುದು.

ಕೆಲಸ ಗೊತ್ತಿದ್ದೂ ಪ್ರಮಾಣಪತ್ರ ಇಲ್ಲದವರು ಮತ್ತೆ ಮೊದಲಿನಿಂದ ಕಲಿಯಬೇಕಾಗಿಲ್ಲ. ಪೂರ್ವ ಕಲಿಕೆಯ ಮಾನ್ಯತೆ ಎಂಬ ವ್ಯವಸ್ಥೆಯಲ್ಲಿ ನಿಮ್ಮ ಕೈಚಳಕವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತಾರೆ. ಜೈಲಿನ ಬಡಗಿ ಅಥವಾ ಹೊಲಿಗೆ ವಿಭಾಗದಲ್ಲಿ ವರ್ಷಗಟ್ಟಲೆ ದುಡಿದವರಿಗೆ ನನ್ನ ದೃಷ್ಟಿಯಲ್ಲಿ ಇದೇ ಸರಿಯಾದ ದಾರಿ: ಹೊಸ ಪ್ರಮಾಣಪತ್ರದ ಮೇಲೆ ಕಾರಾಗೃಹದ ಹೆಸರಿರುವುದಿಲ್ಲ, ಕೆಲಸದ ಹೆಸರು ಮಾತ್ರ ಇರುತ್ತದೆ.

ಬಡಗಿ, ಕಮ್ಮಾರ, ಗಾರೆ, ದರ್ಜಿ, ಕ್ಷೌರಿಕ, ಬುಟ್ಟಿ ಹೆಣೆಯುವವರು ಸೇರಿದಂತೆ 18 ಕಸುಬಿನವರಿಗಾಗಿ 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಗಳಿಗೆ 15,000 ರೂಪಾಯಿ, ಶೇ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ರೂಪಾಯಿ ಸಾಲ ಗೊತ್ತುಮಾಡಲಾಗಿದೆ. ಕುಟುಂಬಕ್ಕೆ ಒಬ್ಬರಿಗೆ ಮಾತ್ರ ಅವಕಾಶ. ನೀವು ಒಳಗಿದ್ದಾಗ ಮನೆಯಲ್ಲಿ ಬೇರೆ ಯಾರಾದರೂ ನೋಂದಾಯಿಸಿಕೊಂಡಿದ್ದಾರೆಯೇ ಎಂದು ಕೇಳಿಕೊಳ್ಳಿ.

ಹಂತ 5: ಅರ್ಜಿಯಲ್ಲಿ, ಸಂದರ್ಶನದಲ್ಲಿ ಹೇಳಬೇಕಾದದ್ದನ್ನು ಹೇಳಿ

ಕೇಸಿನ ವಿಷಯ ಬರೆಯಲೇಬೇಕೇ? ಎಲ್ಲಕ್ಕಿಂತ ಹೆಚ್ಚು ಕೇಳಲಾಗುವ ಪ್ರಶ್ನೆ ಇದು. ಉತ್ತರ ಒಂದು ಸಾಲಿನದು: ಕೇಳಿದ ಪ್ರಶ್ನೆಗೆ, ಕೇಳಿದಷ್ಟಕ್ಕೆ, ನಿಜವನ್ನೇ ಬರೆಯಿರಿ.

“ನಿಮಗೆ ಶಿಕ್ಷೆಯಾಗಿದೆಯೇ” ಎಂಬುದು ಒಂದು ಪ್ರಶ್ನೆ, “ನಿಮ್ಮ ಮೇಲೆ ಪ್ರಕರಣ ಬಾಕಿಯಿದೆಯೇ” ಎಂಬುದು ಇನ್ನೊಂದು, “ಎಂದಾದರೂ ಬಂಧನಕ್ಕೊಳಗಾಗಿದ್ದಿರಾ” ಎಂಬುದು ಮತ್ತೊಂದು. ಖುಲಾಸೆಯಾದವರು ಮೊದಲಿನ ಎರಡಕ್ಕೆ “ಇಲ್ಲ” ಎಂದೂ ಮೂರನೆಯದಕ್ಕೆ “ಹೌದು, ಇಂಥ ದಿನ ಖುಲಾಸೆಯಾಗಿದೆ” ಎಂದೂ ಬರೆಯಬೇಕು. ಮೂರನೆಯದನ್ನು ಕೇಳಿಯೇ ಇಲ್ಲವಾದರೆ ಬರೆಯಬೇಕಾಗಿಲ್ಲ. ಪ್ರಶ್ನೆಯನ್ನು ಪೂರ್ತಿ ಓದದೆ ಎಲ್ಲಕ್ಕೂ “ಇಲ್ಲ” ಎಂದು ಗುರುತು ಹಾಕುವುದು ಸೈಬರ್ ಸೆಂಟರುಗಳಲ್ಲಿ ಅರ್ಜಿ ತುಂಬಿಸುವವರಿಗೆ ದಿನನಿತ್ಯ ಆಗುವ ಅನಾಹುತ. ಅರ್ಜಿ ತುಂಬುವವರು ಬೇರೆಯವರಾದರೂ ಸಹಿ ನಿಮ್ಮದು. ಸಲ್ಲಿಸುವ ಮುನ್ನ ಓದಿಸಿ ಕೇಳಿ, ಒಂದು ಪ್ರತಿ ಇಟ್ಟುಕೊಳ್ಳಿ.

ಸರ್ಕಾರಿ ಕೆಲಸಗಳ ವಿಷಯದಲ್ಲಿ ಸುಪ್ರೀಂ ಕೋರ್ಟು 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಹೇಳಿರುವುದು ಇದನ್ನೇ. ಪರಿಶೀಲನಾ ನಮೂನೆಯಲ್ಲಿ ಸತ್ಯವನ್ನೇ ಬರೆಯಬೇಕು. ಕೇಳಿದ ನಿರ್ದಿಷ್ಟ ಮಾಹಿತಿಯನ್ನು ಮಾತ್ರ ಕೊಡಬೇಕಾಗುತ್ತದೆ. ಎಳೆಯ ವಯಸ್ಸಿನ ಕ್ಷುಲ್ಲಕ ಪ್ರಕರಣವನ್ನು ಮುಚ್ಚಿಟ್ಟಿದ್ದರೆ ನೇಮಕ ಪ್ರಾಧಿಕಾರ ವಿವೇಚನೆಯಿಂದ ಮನ್ನಿಸಬಹುದು. ಜೊತೆಗೆ ಇನ್ನೊಂದು ಮಾತನ್ನೂ ನ್ಯಾಯಾಲಯ ಹೇಳಿದೆ: ನೀವು ಎಲ್ಲವನ್ನೂ ಪ್ರಾಮಾಣಿಕವಾಗಿ ಬರೆದರೂ ಕೆಲಸ ಕೊಡಲೇಬೇಕೆಂದು ಒತ್ತಾಯಿಸುವಂತಿಲ್ಲ. ನಿಜ ಹೇಳಿದರೆ ಕೆಲಸ ಖಚಿತ ಎಂದು ನಾನು ಹೇಳುತ್ತಿಲ್ಲ. ಮುಚ್ಚಿಟ್ಟು ಸೇರಿದವರು ಆರೇಳು ವರ್ಷದ ಸೇವೆಯ ಮೇಲೂ ಕೆಲಸ ಕಳೆದುಕೊಳ್ಳಬಹುದು, ಆಗ ಮೂಲ ಪ್ರಕರಣಕ್ಕಿಂತ ಸುಳ್ಳು ಹೇಳಿಕೆಯೇ ದೊಡ್ಡ ಅಪರಾಧವಾಗಿ ಕಾಣುತ್ತದೆ ಎಂದಷ್ಟೇ ಹೇಳುತ್ತಿದ್ದೇನೆ.

ಖಾಸಗಿಯವರ ಬಳಿ, ಅದರಲ್ಲೂ ಗ್ಯಾರೇಜು, ಹೋಟೆಲು, ತೋಟದ ಕೆಲಸಕ್ಕೆ ಹೋದಾಗ ಅರ್ಜಿ ನಮೂನೆಯೇ ಇರುವುದಿಲ್ಲ. ಮಲೆನಾಡಿನ ಸಣ್ಣ ಊರುಗಳಲ್ಲಿ ಮಾಲೀಕರಿಗೆ ವಿಷಯ ನಿಮಗಿಂತ ಮುಂಚೆಯೇ ತಲುಪಿರುತ್ತದೆ, ಅದೂ ಬಣ್ಣ ಕಟ್ಟಿಕೊಂಡು. ಆದ್ದರಿಂದ ಅಲ್ಲಿ ಕೇಳದಿದ್ದರೂ ನೀವೇ ಹೇಳಿಬಿಡುವುದು ಲೇಸೆಂದು ನನ್ನ ಸಲಹೆ. ಮಾತು ಚಿಕ್ಕದಾಗಿರಲಿ, ಯಾರ ತಪ್ಪು, ಯಾರು ಸಿಕ್ಕಿಸಿಹಾಕಿದರು ಎಂಬ ಕಥೆ ಬೇಡ. ಹೀಗೆ ಹೇಳಬಹುದು: “ಸಾರ್, ನನಗೆ ಹೊಡೆದಾಟದ ಕೇಸಿನಲ್ಲಿ ಎರಡು ವರ್ಷ ಶಿಕ್ಷೆಯಾಗಿತ್ತು, ಹೋದ ಜೂನ್‌ನಲ್ಲಿ ಮುಗಿಸಿ ಬಂದಿದ್ದೇನೆ. ಬೇರೆ ಯಾವ ಕೇಸೂ ಇಲ್ಲ, ಕಾಗದ ತಂದಿದ್ದೇನೆ. ವೆಲ್ಡಿಂಗ್ ಬರುತ್ತದೆ, ಒಂದು ವಾರ ಕೆಲಸ ನೋಡಿ ತೀರ್ಮಾನ ಮಾಡಿ.” ನಿಮ್ಮ ಬಗ್ಗೆ ಎರಡು ಮಾತು ಹೇಳಬಲ್ಲ ಹಿಂದಿನ ಮಾಲೀಕರೋ ಶಾಲಾ ಮೇಷ್ಟರೋ ಸಹಕಾರ ಸಂಘದವರೋ ಇದ್ದರೆ, ಅವರನ್ನು ಮೊದಲೇ ಕೇಳಿಕೊಂಡು ಹೆಸರು ಕೊಡಿ. ರಾಜಕೀಯದವರ ಶಿಫಾರಸು ಪತ್ರ ಹಿಡಿದು ಹೋಗುವುದರಿಂದ ಅನುಮಾನ ಹೆಚ್ಚುವುದೇ ಹೊರತು ಕಡಿಮೆಯಾಗುವುದಿಲ್ಲ.

ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ಕೇಳಿದರೆ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಿ. ಖುಲಾಸೆಯಾದ ಪ್ರಕರಣವನ್ನು ಬಾಕಿ ಎಂದು ನಮೂದಿಸಿದ್ದರೆ ತೀರ್ಪಿನ ದೃಢೀಕೃತ ನಕಲಿನೊಂದಿಗೆ ತಿದ್ದುಪಡಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮೊದಲ ಹಂತದ ಕಾಗದಗಳು ಉಪಯೋಗಕ್ಕೆ ಬರುವುದು ಇಂಥಲ್ಲಿಯೇ. ರೌಡಿ ಪಟ್ಟಿಯಲ್ಲಿ ಹೆಸರಿರುವವರಿಗೆ: ಅದು ಪೊಲೀಸರು ನಿಗಾ ಇಡಲು ತೆರೆಯುವ ಕಡತ, ಶಿಕ್ಷೆಯಲ್ಲ. ಪಟ್ಟಿಯಿಂದ ಕೈಬಿಡುವಂತೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಮನವಿ ಸಲ್ಲಿಸಬಹುದು. ಕಾನೂನು ಸೇವಾ ಪ್ರಾಧಿಕಾರದ ವಕೀಲರಿಂದ ಬರೆಸುವುದು ಉತ್ತಮ.

ಹಂತ 6: ಸ್ವಂತ ಉದ್ಯೋಗಕ್ಕೆ ಸಾಲ

ಮುದ್ರಾ ಯೋಜನೆಯಲ್ಲಿ ಶಿಶು ವರ್ಗದಡಿ 50,000 ರೂಪಾಯಿವರೆಗೆ, ಕಿಶೋರ ವರ್ಗದಡಿ 5 ಲಕ್ಷದವರೆಗೆ ಆಸ್ತಿ ಅಡಮಾನವಿಲ್ಲದೆ ಸಾಲ ಕೇಳಬಹುದು. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಯೋಜನಾ ವೆಚ್ಚದ ಶೇ 15ರಿಂದ 35ರವರೆಗೆ ಸಹಾಯಧನವಿದ್ದು, ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಬೇಕು. ಗ್ರಾಮೀಣ ಪ್ರದೇಶದವರಿಗೆ ಪ್ರಮಾಣ ಹೆಚ್ಚು. ಅಂಬೇಡ್ಕರ್, ವಾಲ್ಮೀಕಿ, ದೇವರಾಜ ಅರಸು, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಗಳ ಸ್ವಯಂ ಉದ್ಯೋಗ ಯೋಜನೆಗಳಿಗೆ ಅರ್ಜಿ ಕರೆಯುವ ಕಾಲವನ್ನು ಪತ್ರಿಕೆಯಲ್ಲಿ ಗಮನಿಸಿ.

ಬ್ಯಾಂಕಿನಲ್ಲಿ ನಿಮಗೆ ಅಡ್ಡಬರುವುದು ಸಾಮಾನ್ಯವಾಗಿ ಕೇಸಲ್ಲ, ಒಳಗೆ ಹೋಗುವ ಮುಂಚಿನ ಬಾಕಿ ಸಾಲ. ಬೈಕಿನ ಕಂತು, ಬೆಳೆ ಸಾಲ, ಬೇರೆಯವರಿಗೆ ಹಾಕಿದ ಜಾಮೀನು ಸಹಿ ಎಲ್ಲವೂ ಸಾಲ ಚರಿತ್ರೆಯ ವರದಿಯಲ್ಲಿ ಕಾಣುತ್ತವೆ. ಈ ವರದಿಯನ್ನು ವರ್ಷಕ್ಕೊಮ್ಮೆ ಉಚಿತವಾಗಿ ತರಿಸಿಕೊಳ್ಳಬಹುದು. ಹಳೆಯದನ್ನು ಇತ್ಯರ್ಥ ಮಾಡಿಕೊಂಡು ಆಮೇಲೆ ಹೊಸದನ್ನು ಕೇಳಿ. ಮುದ್ರಾ ಸಾಲ ಮಾಡಿಸಿಕೊಡುತ್ತೇನೆಂದು ಫೋನಿನಲ್ಲಿ ಮುಂಗಡ ಶುಲ್ಕ ಕೇಳುವವರು ಮೋಸಗಾರರು. ಮೀಟರ್ ಬಡ್ಡಿಗೆ ಕೈಚಾಚುವುದಂತೂ ಇನ್ನೊಂದು ಪ್ರಕರಣಕ್ಕೆ ನಾಂದಿ ಹಾಡಿದಂತೆ.

ಹಂತ 7: ಮೊದಲ ಆರು ತಿಂಗಳು ಕೆಲಸ ಉಳಿಸಿಕೊಳ್ಳಿ

ಕೋರ್ಟಿನ ದಿನಾಂಕಗಳನ್ನು ಕೆಲಸಕ್ಕೆ ಸೇರುವ ದಿನವೇ ಮಾಲೀಕರಿಗೆ ತಿಳಿಸಿ. ಬರಲಾಗದಿದ್ದರೆ ವಕೀಲರ ಮೂಲಕ ಹಾಜರಾತಿ ವಿನಾಯಿತಿ ಅರ್ಜಿ ಹಾಕಿಸಿ. ಹೇಳದೆ ತಪ್ಪಿಸಿಕೊಂಡರೆ ವಾರಂಟ್ ಹೊರಡುತ್ತದೆ.

ನಿಮ್ಮ ಅಸಹಾಯಕತೆಯನ್ನು ಬಳಸಿಕೊಂಡು ಕನಿಷ್ಠ ಕೂಲಿಗಿಂತ ಕಡಿಮೆ ಕೊಡುವವರು, ಮೂಲ ಆಧಾರ್ ಕಾರ್ಡನ್ನು ಇಟ್ಟುಕೊಳ್ಳುವವರು, ದೊಡ್ಡ ಮುಂಗಡ ಕೊಟ್ಟು ಎಸ್ಟೇಟಿನಿಂದ ಹೊರಬಿಡದವರು ಇದ್ದಾರೆ. ಸಾಲಕ್ಕೆ ಪ್ರತಿಯಾಗಿ ಹಿಡಿದಿಟ್ಟು ದುಡಿಸುವುದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಅಪರಾಧ. ಮುಂಗಡವನ್ನು ಕಡಿಮೆ ಪಡೆಯಿರಿ, ಕೂಲಿಯನ್ನು ಖಾತೆಗೆ ಹಾಕಿಸಿಕೊಳ್ಳಿ, ತೊಂದರೆಯಾದರೆ ಕಾರ್ಮಿಕ ಇಲಾಖೆಗೆ ದೂರು ಕೊಡಿ.

ನಿದ್ದೆ ಬಾರದಿರುವುದು, ಜನರ ನಡುವೆ ಉಸಿರು ಕಟ್ಟಿದಂತಾಗುವುದು, ಕುಡಿತಕ್ಕೆ ಮರಳುವ ಸೆಳೆತ ಇವು ಹೊರಬಂದ ಹೊಸತರಲ್ಲಿ ಅಪರೂಪವೇನಲ್ಲ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು; ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ.

ಮಹಿಳೆಯರಿಗೆ ಮನೆಯವರು ಬಾಗಿಲು ತೆರೆಯದಿದ್ದಾಗ ಕೆಲಸಕ್ಕಿಂತ ಮೊದಲು ನೆಲೆ ಬೇಕಾಗುತ್ತದೆ. ಮೊದಲು ಸ್ವಾಧಾರ ಗೃಹವೆಂದಿದ್ದು ಈಗ ಶಕ್ತಿ ಸದನ ಎಂದು ಕರೆಯಲಾಗುವ ಆಶ್ರಯ ಕೇಂದ್ರಗಳು ಆಸರೆಯಿಲ್ಲದ ಇಂಥ ಮಹಿಳೆಯರಿಗಾಗಿಯೂ ಇವೆ. 181 ಸಂಖ್ಯೆಗೆ ಕರೆ ಮಾಡಿ ಅಥವಾ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕಚೇರಿಯಲ್ಲಿ ಕೇಳಿ. ಬಾಲಕರ ಅಥವಾ ಬಾಲಕಿಯರ ಗೃಹದಿಂದ 18 ತುಂಬಿ ಹೊರಬಂದವರಿಗೆ 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ, ಅನುಪಾಲನಾ ನೆರವು, ಎಂದರೆ ಗೃಹ ಬಿಟ್ಟ ಮೇಲಿನ ಆಸರೆ, ಸಿಗುತ್ತದೆ. ಅದನ್ನು ನೋಡಿಕೊಳ್ಳುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕ.

ಇನ್ನೂ ಒಳಗಿರುವವರ ಮನೆಯವರಿಗೆ

ಬಿಡುಗಡೆಗೆ ಮೂರು ತಿಂಗಳಿರುವಾಗಲೇ ಕೆಲಸ ಶುರುಮಾಡಿದರೆ ಮೇಲಿನ ಹಂತಗಳಲ್ಲಿ ಅರ್ಧದಷ್ಟು ಮುಗಿದಿರುತ್ತದೆ. ಸೋಗಾನೆಯ ಕೇಂದ್ರ ಕಾರಾಗೃಹಕ್ಕೆ ಭೇಟಿಗೆ ಹೋದಾಗ, ಅವರು ಯಾವ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಾರೆ, ಪ್ರಮಾಣಪತ್ರ ಕೊಟ್ಟಿದ್ದಾರೆಯೇ, ಕೂಲಿಯ ಹಣ ಖಾತೆಯಲ್ಲಿ ಎಷ್ಟಿದೆ ಎಂದು ಕೇಳಿ. ಜೈಲಿನ ದುಡಿಮೆಗೆ ನ್ಯಾಯವಾದ ಕೂಲಿ ಕೊಡಬೇಕೆಂದು ಸುಪ್ರೀಂ ಕೋರ್ಟು 1998ರಲ್ಲಿಯೇ ಹೇಳಿದೆ. ಆ ಹಣವನ್ನು ಹೊರಬಂದ ವಾರದಲ್ಲಿ ಹಬ್ಬಕ್ಕೋ ಹರಕೆಗೋ ಮುಗಿಸದೆ ಉಪಕರಣಕ್ಕೆಂದು ಎತ್ತಿಡಿ. ಜಾಮೀನು ಮಂಜೂರಾಗಿಯೂ ಹಣವಿಲ್ಲದೆ ಅಥವಾ ದಂಡ ಕಟ್ಟಲಾಗದೆ ಉಳಿದುಕೊಂಡಿದ್ದರೆ, ಬಡ ಬಂದಿಗಳಿಗೆ ನೆರವು ನೀಡುವ ಕೇಂದ್ರ ಸರ್ಕಾರದ ಯೋಜನೆಯಲ್ಲಿ ಜಾಮೀನಿಗೂ ದಂಡಕ್ಕೂ ನಿಗದಿತ ಮಿತಿಯವರೆಗೆ ಹಣ ಮಂಜೂರಾಗಬಹುದು. ಇದಕ್ಕಾಗಿ ಕಾರಾಗೃಹದ ಅಧಿಕಾರಿಗಳಿಗೆ ಅಥವಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಲಿಖಿತ ಮನವಿ ಕೊಡಿ. ತೀರ್ಪಿನ ಪ್ರತಿ, ಪಾಸ್‌ಬುಕ್, ಆಧಾರ್, ಶಾಲೆಯ ಅಂಕಪಟ್ಟಿ ಇವನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಮಳೆಗಾಲದ ಥಂಡಿ ತಾಗದ ಕಡೆ ಇಟ್ಟಿರಿ. ನಮ್ಮ ಸೀಮೆಯ ಗೋಡೆ ಬೀರುವಿನಲ್ಲಿ ಎರಡು ಮಳೆಗಾಲ ಕಳೆದ ಕಾಗದ ಓದಲು ಬಾರದಂತಾಗುತ್ತದೆ.